ಟ್ಯಾಬ್ಲೆಟ್ ಪರದೆಯ ಅಂಗುಲವೂ ಓದಲು ದೊರೆಯುವ ಕ್ಷೇತ್ರವೂ

ಪಾಠಶಾಲೆಗೆ ಏನನ್ನಾದರೂ ಉಪಕರಿಸಬೇಕೆಂಬ ಸದಿಚ್ಛೆಯುಳ್ಳ ಮಹನೀಯರು ಹಿಂದೆ ಗೋಡೆಯ ಗಡಿಯಾರವನ್ನೋ ಭೂಪಟವನ್ನೋ ಪುಸ್ತಕದ ಬೀರುವನ್ನೋ ಕೊಡುತ್ತಿದ್ದರು. ಈಚೆಗೆ ಆ ಸಾಲಿಗೆ ಟ್ಯಾಬ್ಲೆಟ್ ಎಂಬ ಯಂತ್ರವೂ ಸೇರಿದೆ. ಏಳಂಗುಲದ್ದನ್ನು ಕೊಡುವುದು ಮೇಲೋ, ಹತ್ತಂಗುಲದ್ದನ್ನು ಕೊಡುವುದು ಮೇಲೋ ಎಂದು ದಾನಿಗಳು ವಿಚಾರಿಸುತ್ತಾರೆ. ತಂದೆತಾಯಿಗಳು ಕೇಳುವುದೂ ಇದನ್ನೇ. ಪ್ರಶ್ನೆಯು ಸಣ್ಣದಾಗಿ ತೋರಿದರೂ ಉತ್ತರವು ಅಷ್ಟು ಸುಲಭವಾದುದಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಗುಲದ ಸಂಖ್ಯೆಯು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳದೆ ಬಿಡುತ್ತದೆ ಎಂಬುದನ್ನು ಅರಿಯದೆ ಕೊಂಡರೆ ಹಣವೂ ಸಾರ್ಥಕವಾಗದು, ಮಗುವಿನ ಕಣ್ಣಿಗೂ ಶ್ರಮ ತಪ್ಪದು. ಪ್ರೌಢಶಾಲೆಯ ಗಣಿತವನ್ನು ಮೀರದಂತೆ ಈ ವಿಷಯವನ್ನು ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಸುಲ್ತಾನ್ ಬತ್ತೇರಿಯಂತಹ ಊರಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ಮಹತ್ವವುಂಟು. ಇಲ್ಲಿನ ಅಂಗಡಿಗಳಲ್ಲಿ ಮಲೆಯಾಳ ಮತ್ತು ಇಂಗ್ಲಿಷ್ ಪುಸ್ತಕಗಳು ಸುಲಭವಾಗಿ ದೊರೆಯುತ್ತವೆ. ಕನ್ನಡದ ಒಂದು ಕಥೆಪುಸ್ತಕ ಬೇಕೆಂದರೆ ಬಂಡೀಪುರದ ಕಾಡನ್ನು ದಾಟಿ ಗುಂಡ್ಲುಪೇಟೆಗೋ ಮೈಸೂರಿಗೋ ಹೋಗಬೇಕಾಗುವುದು. ಆದರೆ ಅಂತರ್ಜಾಲಕ್ಕೆ ಕಾಡಿನ ತಡೆಯಿಲ್ಲ. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳು ಪ್ರಾರಂಭವಾದುವು. ಕನ್ನಡ ಮಾಧ್ಯಮದ ಪಾಠಗಳೂ ಅಂತರ್ಜಾಲದ ಮೂಲಕ ಮಕ್ಕಳನ್ನು ತಲುಪಿದುವು. ಕೇರಳದ ಎಸ್.ಸಿ.ಇ.ಆರ್.ಟಿ.ಯ ಕನ್ನಡ ಪಠ್ಯಪುಸ್ತಕಗಳೂ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಇಂದು ಪಿ.ಡಿ.ಎಫ್. ಎಂಬ ರೂಪದಲ್ಲಿ ಉಚಿತವಾಗಿ ಲಭ್ಯವಾಗಿವೆ. ಹೀಗಿರಲು, ಕಾಡಿನ ಈಚೆಗಿರುವ ನಮ್ಮ ಮಕ್ಕಳಿಗೆ ಈ ಗಾಜಿನ ಪರದೆಯೇ ಎಷ್ಟೋ ವೇಳೆ ಕನ್ನಡದ ಪುಸ್ತಕ ಭಂಡಾರವಾಗುತ್ತದೆ. ಆ ಭಂಡಾರದ ಬಾಗಿಲು ಎಷ್ಟು ಅಗಲವಾಗಿದೆಯೆಂದು ಅಳೆದು ನೋಡುವುದು ಯುಕ್ತವಷ್ಟೆ.

ಮೊದಲು, ಹತ್ತಂಗುಲದ ಪರದೆಯೆಂದರೇನು? ಇದು ಪರದೆಯ ಉದ್ದವೂ ಅಲ್ಲ, ಅಗಲವೂ ಅಲ್ಲ. ಒಂದು ಮೂಲೆಯಿಂದ ಅದರ ಎದುರು ಮೂಲೆಗೆ ಓರೆಯಾಗಿ ಎಳೆದ ಗೆರೆಯ ಅಳತೆ. ರೇಖಾಗಣಿತದಲ್ಲಿ ನಾವು ಕರ್ಣವೆಂದು ಕರೆಯುವುದು ಇದನ್ನೇ. ಉದ್ದ ಅಗಲಗಳನ್ನು ಬಿಟ್ಟು ಕರ್ಣವನ್ನೇಕೆ ಹಿಡಿದರೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇದಕ್ಕೆ ಕಾರಣವು ಟೆಲಿವಿಷನ್ನಿನ ಇತಿಹಾಸದಲ್ಲಿದೆ. ಪ್ರಾರಂಭದ ಕಾಲದ ಚಿತ್ರನಳಿಗೆಗಳ ಮುಖವು ತಟ್ಟೆಯಂತೆ ದುಂಡಗಿತ್ತು. ವೃತ್ತಕ್ಕೆ ವ್ಯಾಸವೊಂದೇ ಅಳತೆ. ಆ ವೃತ್ತದೊಳಗೆ ಮೂಲೆಗಳು ಪರಿಧಿಯನ್ನು ಮುಟ್ಟುವಂತೆ ಒಂದು ಆಯತವನ್ನು ಬರೆದರೆ ಆಯತದ ಕರ್ಣವು ವೃತ್ತದ ವ್ಯಾಸಕ್ಕೆ ಸಮನಾಗುವುದು. ಮುಂದೆ ಆಯತಾಕಾರದ ನಳಿಗೆಗಳು ಬಂದಾಗ ವ್ಯಾಸದ ಅಳತೆಯೇ ಕರ್ಣದ ಅಳತೆಯಾಗಿ ಉಳಿಯಿತು. ನಳಿಗೆಗಳು ಹೋಗಿ ತೆಳುವಾದ ಪರದೆಗಳು ಬಂದ ಮೇಲೂ ವರ್ತಕರು ಆ ಪದ್ಧತಿಯನ್ನು ಬಿಡಲಿಲ್ಲ.

ಈ ಅಳತೆಯಿಂದ ಗಿರಾಕಿಗಳಿಗೆ ಭ್ರಮೆಯುಂಟಾಗುವುದೆಂಬುದು ಹೊಸ ವಿಚಾರವೂ ಅಲ್ಲ. ನಳಿಗೆಯ ಅಂಚು ಪೆಟ್ಟಿಗೆಯ ಚೌಕಟ್ಟಿನ ಹಿಂದೆ ಮರೆಯಾಗುತ್ತಿದ್ದುದರಿಂದ, ಹೇಳಿದ ಅಳತೆಗಿಂತ ಕಾಣುವ ಚಿತ್ರವು ಚಿಕ್ಕದಾಗಿರುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನು 1966ರಲ್ಲಿ ಇದಕ್ಕಾಗಿಯೇ ಒಂದು ನಿಯಮವನ್ನು ಮಾಡಿ, ಅಳತೆಯನ್ನು ಹೇಳುವಾಗ ಚಿತ್ರವು ಕಾಣುವ ಭಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದೂ, ಅಡ್ಡಗಲವನ್ನು ಬಿಟ್ಟು ಬೇರೆ ಅಳತೆಯನ್ನು ಕೊಟ್ಟರೆ ಅದನ್ನು ಸ್ಪಷ್ಟಪಡಿಸಬೇಕೆಂದೂ ವಿಧಿಸಿತು. ನಳಿಗೆಗಳ ಕಾಲ ಮುಗಿದುದರಿಂದ 2018ರಲ್ಲಿ ಆ ನಿಯಮವನ್ನು ರದ್ದುಪಡಿಸಲಾಯಿತು. ಇಂದಿನ ಟ್ಯಾಬ್ಲೆಟ್ಟುಗಳಲ್ಲಿ ಬೆಳಗುವ ಭಾಗದ ಕರ್ಣವನ್ನೇ ಹೇಳುತ್ತಾರೆ. ಸುತ್ತಲಿನ ಕಪ್ಪು ಅಂಚು ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಪರದೆಗಳಲ್ಲಿ ಮೂಲೆಗಳನ್ನು ದುಂಡಗೆ ಮಾಡಿರುವುದರಿಂದ ಅಲ್ಲಿ ಸ್ವಲ್ಪ ಕಡಮೆಯಾಗುವುದು, ಅದು ಗಣನೀಯವಲ್ಲ. ಮುಖ್ಯವಾದ ತೊಡಕು ಬೇರೆಯೇ ಇದೆ.

ಬಯಲ ನಾಡೆಂದು ಹೆಸರಾದ ವಯನಾಡಿನ ವಾಚಕರಿಗೆ ಅದನ್ನು ಗದ್ದೆಯ ದೃಷ್ಟಾಂತದಿಂದ ತಿಳಿಸುವುದು ಸುಲಭ. ಒಬ್ಬನ ಗದ್ದೆ 40 ಗಜ ಉದ್ದ, 30 ಗಜ ಅಗಲ. ಇನ್ನೊಬ್ಬನದು 48 ಗಜ ಉದ್ದ, 14 ಗಜ ಅಗಲ. ಎರಡರಲ್ಲಿಯೂ ಮೂಲೆಯಿಂದ ಮೂಲೆಗೆ ನಡೆದರೆ ಸರಿಯಾಗಿ 50 ಗಜ. ಆದರೆ ಮೊದಲನೆಯ ಗದ್ದೆಯ ವಿಸ್ತೀರ್ಣ 1,200 ಚದರ ಗಜ. ಎರಡನೆಯದು 672 ಚದರ ಗಜ ಮಾತ್ರ. ಐವತ್ತು ಗಜದ ಗದ್ದೆಯೆಂದು ಹೇಳಿ ಎರಡನ್ನೂ ಒಂದೇ ಬೆಲೆಗೆ ಮಾರಹೊರಟರೆ ಯಾವ ಒಕ್ಕಲಿಗನೂ ಒಪ್ಪನು. ಎಷ್ಟು ಸೆಂಟು ಎಂದು ಕೇಳುವನು. ಕರ್ಣವೊಂದೇ ಆದರೂ ಆಕಾರವು ಚೌಕಕ್ಕೆ ಸಮೀಪಿಸಿದಷ್ಟೂ ಕ್ಷೇತ್ರಫಲವು ಹೆಚ್ಚುತ್ತದೆ, ಪಟ್ಟಿಯಂತೆ ನೀಳವಾದಷ್ಟೂ ಕುಗ್ಗುತ್ತದೆ. ಈ ಬಗೆಯ ಲೆಕ್ಕವು ಕನ್ನಡ ನಾಡಿಗೆ ಅಪರಿಚಿತವಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಣಿತಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. 12ನೆಯ ಶತಮಾನದ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನು. ಪ್ರಾಚೀನ ಜೈನ ಬಸದಿಯೊಂದನ್ನು ಇಂದಿಗೂ ಕಾಪಾಡಿಕೊಂಡಿರುವ ಬತ್ತೇರಿಯ ಜನರಿಗೆ ಈ ಪರಂಪರೆಯ ಸ್ಮರಣೆ ಉಚಿತವೇ ಸರಿ.

ಟ್ಯಾಬ್ಲೆಟ್ಟುಗಳ ಆಕಾರವನ್ನು ಉದ್ದ ಅಗಲಗಳ ಪ್ರಮಾಣದಿಂದ ಹೇಳುತ್ತಾರೆ. 4:3 ಎಂಬುದು ಪುಸ್ತಕದ ಹಾಳೆಗೆ ಸಮೀಪವಾದ ಆಕಾರ. 16:10 ಅದಕ್ಕಿಂತ ನೀಳ. 16:9 ಇನ್ನೂ ನೀಳ. ಕರ್ಣದ ವರ್ಗವನ್ನು 4:3ರಲ್ಲಿ 0.48ರಿಂದಲೂ, 16:10ರಲ್ಲಿ 0.45ರಿಂದಲೂ, 16:9ರಲ್ಲಿ 0.43ರಿಂದಲೂ ಗುಣಿಸಿದರೆ ಪರದೆಯ ಕ್ಷೇತ್ರಫಲವು ಸ್ಥೂಲವಾಗಿ ದೊರೆಯುವುದು. ಪೈಥಾಗೊರಸನ ಪ್ರಮೇಯವನ್ನು ಬಲ್ಲ ವಿದ್ಯಾರ್ಥಿಯು ಈ ಸಂಖ್ಯೆಗಳನ್ನು ತಾನೇ ಸಾಧಿಸಬಲ್ಲನು.

ಇನ್ನು ನಿಜವಾದ ಮೂರು ಯಂತ್ರಗಳನ್ನು ತೆಗೆದುಕೊಳ್ಳೋಣ. ಇವು ಹಳೆಯವು, ಈಗ ಅಂಗಡಿಯಲ್ಲಿ ದೊರೆಯುವಂಥವಲ್ಲ. ಆದರೆ ಆಕಾರಭೇದವನ್ನು ತೋರಿಸಲು ಇವುಗಳಷ್ಟು ಅನುಕೂಲವಾದ ಉದಾಹರಣೆಗಳು ಬೇರಿಲ್ಲ. ಮೊದಲನೆಯದು 2010ರ ಐಪ್ಯಾಡ್, ಕರ್ಣ 9.7 ಅಂಗುಲ, ಆಕಾರ 4:3. ಎರಡನೆಯದು ಬೆಂಗಳೂರಿನ ನೋಷನ್ ಇಂಕ್ ಸಂಸ್ಥೆಯು 2011ರಲ್ಲಿ ಹೊರತಂದ 'ಆಡಂ', ಕರ್ಣ 10.1 ಅಂಗುಲ, ಉದ್ದಕ್ಕೆ 1024, ಅಗಲಕ್ಕೆ 600 ಚುಕ್ಕೆಗಳುಳ್ಳ ನೀಳವಾದ ಪರದೆ. ಹಿಂಬೆಳಕನ್ನು ಆರಿಸಿ ಬಿಸಿಲಿನಲ್ಲಿಯೂ ಓದಬಹುದಾದ ಪರದೆಯಿದ್ದುದು ಅದರ ವೈಶಿಷ್ಟ್ಯ. ಮೂರನೆಯದು ವಿದ್ಯಾರ್ಥಿಗಳಿಗಾಗಿ ಭಾರತ ಸರ್ಕಾರವು 2011ರ ಅಕ್ಟೋಬರ್ 5ರಂದು ಬಿಡುಗಡೆ ಮಾಡಿದ 'ಆಕಾಶ್'. ಕರ್ಣ 7 ಅಂಗುಲ, 800 ಮತ್ತು 480 ಚುಕ್ಕೆಗಳು.

ಲೆಕ್ಕ ಮಾಡಿದರೆ ಐಪ್ಯಾಡಿನ ಪರದೆ 7.76 ಅಂಗುಲ ಉದ್ದ, 5.82 ಅಂಗುಲ ಅಗಲ, ಕ್ಷೇತ್ರಫಲ 45.2 ಚದರಂಗುಲ. ಆಡಂ ಪರದೆ 8.71 ಅಂಗುಲ ಉದ್ದ, 5.11 ಅಂಗುಲ ಅಗಲ, ಕ್ಷೇತ್ರಫಲ 44.5 ಚದರಂಗುಲ. ಕರ್ಣದಲ್ಲಿ ದೊಡ್ಡದಾದುದು ಕ್ಷೇತ್ರದಲ್ಲಿ ಚಿಕ್ಕದಾಯಿತು! ಆಕಾಶ್ ಪರದೆ 6 ಅಂಗುಲ ಉದ್ದ, 3.6 ಅಂಗುಲ ಅಗಲ, ಕ್ಷೇತ್ರಫಲ 21.6 ಚದರಂಗುಲ. ಏಳಕ್ಕೂ ಹತ್ತಕ್ಕೂ ಮೂರೇ ಅಂಗುಲದ ವ್ಯತ್ಯಾಸವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಆಡಂ ಪರದೆಯು ಆಕಾಶ್ ಪರದೆಯ ಎರಡರಷ್ಟಕ್ಕೂ ತುಸು ಹೆಚ್ಚು. ಆಕಾರವು ಹೆಚ್ಚು ಕಡಮೆ ಒಂದೇ ಆಗಿದ್ದಲ್ಲಿ ಕ್ಷೇತ್ರಫಲವು ಕರ್ಣದ ವರ್ಗವನ್ನು ಅನುಸರಿಸಿ ಬೆಳೆಯುವುದೇ ಇದಕ್ಕೆ ಕಾರಣ.

ಪರದೆಯ ಕ್ಷೇತ್ರಫಲವು ತಿಳಿದರೂ ಕೆಲಸವು ಮುಗಿಯಲಿಲ್ಲ. ಗದ್ದೆಯೆಲ್ಲವೂ ಉಳುಮೆಗೆ ದೊರೆಯದೆ ಬದುವಿಗಿಷ್ಟು, ಕಾಲುವೆಗಿಷ್ಟು ಹೋಗುವಂತೆ, ಪರದೆಯಲ್ಲಿಯೂ ಉಪಯೋಗಕ್ಕೆ ಬಾರದ ಭಾಗವುಂಟು. ಅದು ಎಷ್ಟೆಂಬುದು ನಾವು ನೋಡುವ ವಸ್ತುವನ್ನು ಅವಲಂಬಿಸಿದೆ. ಪಾಠದ ಚಲಚ್ಚಿತ್ರವು ಸಾಮಾನ್ಯವಾಗಿ 16:9 ಆಕಾರದಲ್ಲಿರುವುದು. ಐಪ್ಯಾಡಿನ ಪರದೆಯಲ್ಲಿ ಅದನ್ನಿಟ್ಟರೆ ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಉಳಿದು, ಚಿತ್ರಕ್ಕೆ 33.9 ಚದರಂಗುಲ, ಎಂದರೆ ಮುಕ್ಕಾಲು ಭಾಗ ಮಾತ್ರ ದೊರೆಯುವುದು. ಆಡಂ ಪರದೆಯಲ್ಲಿ ಅದೇ ಚಿತ್ರಕ್ಕೆ 42.7 ಚದರಂಗುಲ ಸಿಗುತ್ತದೆ. ಆದುದರಿಂದ ಕೇವಲ ಚಲಚ್ಚಿತ್ರವನ್ನು ನೋಡುವವರಿಗೆ ನೀಳವಾದ ಪರದೆಯೇ ಲೇಸು.

ಆದರೆ ಪುಸ್ತಕದ ಪುಟವನ್ನಿಟ್ಟರೆ ಫಲವು ತಿರುಗುಮುರುಗಾಗುವುದು. ನಿದರ್ಶನಕ್ಕಾಗಿ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಎತ್ತರವುಳ್ಳ ಎ-4 ಹಾಳೆಯನ್ನು ಹಿಡಿಯೋಣ. ಯಂತ್ರವನ್ನು ನಿಲುವಾಗಿ ಹಿಡಿದು ಇಡೀ ಪುಟವು ಕಾಣುವಂತೆ ಮಾಡಿದರೆ ಐಪ್ಯಾಡಿನಲ್ಲಿ ಪುಟಕ್ಕೆ 42.6 ಚದರಂಗುಲ ದೊರೆಯುವುದು. ಆಡಂ ಪರದೆಯಲ್ಲಿ 36.9; ಆಕಾಶ್ ಪರದೆಯಲ್ಲಿ 18.3 ಮಾತ್ರ. ನೀಳವಾದ ಪರದೆಯಲ್ಲಿ ಪುಟದ ಅಗಲವು ಪರದೆಯ ಕಿರಿಯ ಬದಿಗೆ ಕಟ್ಟುಬೀಳುವುದರಿಂದ ಮೇಲೆ ಕೆಳಗೆ ಉಳಿದ ಜಾಗವು ಬರಿದಾಗಿ ಹೋಗುತ್ತದೆ. ವಿದ್ಯಾರ್ಥಿಯು ಓದಬೇಕಾದುದು ಪುಸ್ತಕವನ್ನಾದರೆ ನಾವು ವಿಚಾರಿಸಬೇಕಾದುದು ಈ ಕಿರಿಯ ಬದಿಯನ್ನು. ಇಂದು ಸಾಮಾನ್ಯವಾಗಿರುವ 16:10 ಆಕಾರದಲ್ಲಿ 11 ಅಂಗುಲದ ಪರದೆಯ ಕಿರಿಯ ಬದಿ 5.83 ಅಂಗುಲ, 4:3 ಆಕಾರದ 9.7 ಅಂಗುಲದ ಪರದೆಯದು 5.82. ಹೆಸರಿನಲ್ಲಿ ಒಂದೂಕಾಲು ಅಂಗುಲಕ್ಕೂ ಹೆಚ್ಚು ಅಂತರವಿದ್ದರೂ ಅಗಲದಲ್ಲಿ ಎರಡೂ ಒಂದೇ.

ಇದಲ್ಲದೆ ಯಂತ್ರವೇ ಕಬಳಿಸುವ ಜಾಗವಿದೆ. ಗಂಟೆಯನ್ನೂ ವಿದ್ಯುತ್ತಿನ ಪ್ರಮಾಣವನ್ನೂ ತೋರಿಸುವ ಪಟ್ಟಿಯು ಮೇಲ್ಭಾಗದಲ್ಲಿ. ಹಿಂದಕ್ಕೆ ಮುಂದಕ್ಕೆ ಹೋಗುವ ಗುಂಡಿಗಳ ಪಟ್ಟಿಯು ಕೆಳಭಾಗದಲ್ಲಿ. ಉತ್ತರವನ್ನು ಬರೆಯಲು ತೊಡಗಿದೊಡನೆ ಕೀಲಿಮಣೆಯು ಪರದೆಯ ಮೇಲೆಯೇ ಮೂಡುವುದು. ಯಂತ್ರವನ್ನು ಅಡ್ಡಲಾಗಿ ಹಿಡಿದಿದ್ದರೆ ಅದು ಸುಮಾರು ಅರ್ಧದಷ್ಟು ಎತ್ತರವನ್ನು ಆಕ್ರಮಿಸುತ್ತದೆ. ಪ್ರಶ್ನೆಯು ಅದರ ಅಡಿಯಲ್ಲಿ ಮುಚ್ಚಿಹೋದಾಗ ಮಗುವು ಏನು ಬರೆಯಬೇಕೆಂಬುದನ್ನೇ ಕಾಣದೆ ಹೋಗುವುದು. ಬರವಣಿಗೆಯ ಕಾಲದಲ್ಲಿ ನಿಲುವಾಗಿ ಹಿಡಿಯುವುದು ಇದಕ್ಕೆ ಸುಲಭವಾದ ಪರಿಹಾರ.

ಇಲ್ಲಿಯವರೆಗೆ ಹೇಳಿದುದು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡದ ಮಗುವಿಗೆ ಇನ್ನೊಂದು ಕಷ್ಟವಿದೆ. ಮುದ್ರಣದಲ್ಲಿ 12 ಪಾಯಿಂಟ್ ಎಂದರೆ ಅಂಗುಲದ ಆರನೆಯ ಒಂದು ಭಾಗ. ಎ-4 ಹಾಳೆಯಲ್ಲಿ 12 ಪಾಯಿಂಟಿನಲ್ಲಿ ಅಚ್ಚಾದ ಅಕ್ಷರವು, ಇಡೀ ಪುಟವನ್ನು ತೋರಿಸುವಾಗ ಐಪ್ಯಾಡಿನಲ್ಲಿ 8 ಪಾಯಿಂಟಿಗೆ ಇಳಿಯುವುದು. ಆಡಂ ಪರದೆಯಲ್ಲಿ ಸುಮಾರು ಏಳೂವರೆ. ಆಕಾಶ್ ಪರದೆಯಲ್ಲಿ ಐದಕ್ಕೆ ಸ್ವಲ್ಪ ಹೆಚ್ಚು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲುತ್ತವೆ. ನಮ್ಮ ಲಿಪಿಯಲ್ಲಾದರೋ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕುಳಿತುಕೊಳ್ಳುತ್ತವೆ. 'ರಾಷ್ಟ್ರ', 'ಶಾಸ್ತ್ರ' ಎಂಬ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳಿವೆ. ರಕಾರಕ್ಕೂ ಠಕಾರಕ್ಕೂ ಇರುವ ಭೇದವು ಹೊಟ್ಟೆಯೊಳಗಿನ ಒಂದು ಚುಕ್ಕೆ. ದಕಾರಕ್ಕೂ ಧಕಾರಕ್ಕೂ ಇರುವ ಭೇದವು ಒಂದು ಸಣ್ಣ ಸೀಳು. ಆಕಾಶ್ ಪರದೆಯನ್ನು ನಿಲುವಾಗಿ ಹಿಡಿದರೆ ಅಡ್ಡಕ್ಕೆ ಇರುವುದು 480 ಚುಕ್ಕೆಗಳು. ಒಂದು ಸಾಲಿನಲ್ಲಿ 40 ಅಕ್ಷರಗಳಿವೆಯೆಂದು ಇಟ್ಟುಕೊಂಡು ಅಂಚುಗಳನ್ನು ಕಳೆದರೆ ಅಕ್ಷರವೊಂದಕ್ಕೆ ಹತ್ತು ಚುಕ್ಕೆಗಳ ಆಸುಪಾಸು. ಒತ್ತಿಗೆ ಅದರ ಅರ್ಧ. ಇಷ್ಟರಲ್ಲಿ ಠಕಾರದ ಚುಕ್ಕೆ ಉಳಿಯುವುದೆಂತು? ದೊಡ್ಡವರು ಸಂದರ್ಭದಿಂದ ಊಹಿಸಿ ಓದಿಕೊಳ್ಳುತ್ತಾರೆ. ಎರಡನೆಯ, ಮೂರನೆಯ ತರಗತಿಯ ಮಗುವಿಗೆ ಊಹೆಯ ಆಧಾರವಿಲ್ಲ; ಅದು ಅಕ್ಷರದ ರೂಪವನ್ನು ಕಲಿಯುವುದೇ ಕಣ್ಣಿನಿಂದ. ಮಸುಕಾದ ಒತ್ತನ್ನು ನೋಡಿ ಕಲಿತ ಮಗುವಿನ ಕೈಬರಹದಲ್ಲಿಯೂ ಒತ್ತುಗಳು ತಪ್ಪಿಹೋದರೆ ಆಶ್ಚರ್ಯವಿಲ್ಲ.

ಬೆರಳುಗಳಿಂದ ಹಿಗ್ಗಿಸಿ ದೊಡ್ಡದು ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಹೇಳಿಯಾರು. ಸಾಧ್ಯವುಂಟು. ಆದರೆ ಪುಟವನ್ನು ಹಿಗ್ಗಿಸಿದೊಡನೆ ಸಾಲಿನ ತುದಿಯು ಪರದೆಯಿಂದ ಹೊರಗೆ ಹೋಗುವುದು. ಮಗುವು ಪ್ರತಿಯೊಂದು ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯುತ್ತ, ಮುಂದಿನ ಸಾಲು ಯಾವುದೆಂದು ಮರೆಯುತ್ತ ಓದಬೇಕಾಗುವುದು. ಇದು ಓದುವಿಕೆಯಲ್ಲ, ಹುಡುಕಾಟ. ಕೆಲವು ಪುಸ್ತಕಗಳಲ್ಲಿ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಪರದೆಯ ಅಗಲಕ್ಕೆ ಹೊಂದಿಕೊಂಡು ಮುರಿಯುತ್ತವೆ. ಅಂತಹವನ್ನು ಸಣ್ಣ ಪರದೆಯಲ್ಲಿಯೂ ಸುಖವಾಗಿ ಓದಬಹುದು. ಆದರೆ ಪಿ.ಡಿ.ಎಫ್. ರೂಪದ ಪಠ್ಯಪುಸ್ತಕವು ಅಚ್ಚಿನ ಪುಟದ ಛಾಯೆಯಂತೆ. ಸಾಲುಗಳು ಇದ್ದಂತೆಯೇ ಇರುವುವು.

ಇನ್ನು ಕೊಳ್ಳುವವರಿಗೆ ಒಂದೆರಡು ಸೂಚನೆಗಳನ್ನು ನಿವೇದಿಸುತ್ತೇವೆ. ಅಂಗಡಿಗೆ ಹೋಗುವಾಗ ಒಂದು ಅಡಿಕೋಲನ್ನೂ ಮಗುವಿನ ಪಠ್ಯಪುಸ್ತಕವನ್ನೂ ಒಯ್ಯುವುದು ಒಳ್ಳೆಯದು. ಕರ್ಣವನ್ನು ಬಿಟ್ಟು ಬೆಳಗುವ ಭಾಗದ ಎರಡು ಬದಿಗಳನ್ನು ಅಳೆಯಬೇಕು. ಪಠ್ಯಪುಸ್ತಕದ ಓದಿಗಾಗಿ ಪುಟಕ್ಕೆ ದೊರೆಯುವ ಅಗಲವು ಐದೂವರೆ ಅಂಗುಲಕ್ಕೆ, ಅಂದರೆ 14 ಸೆಂಟಿಮೀಟರಿಗೆ, ಕಡಮೆಯಾಗದಿರುವುದು ಲೇಸೆಂದು ನಮ್ಮ ಅಭಿಪ್ರಾಯ. ಅಷ್ಟಿದ್ದರೆ 12 ಪಾಯಿಂಟಿನ ಅಕ್ಷರವು 8ಕ್ಕಿಂತ ಕೆಳಗೆ ಇಳಿಯದು. ದೂರದಿಂದ ತರಿಸುವವರು ಉದ್ದ ಅಗಲಗಳ ಪ್ರಮಾಣವನ್ನು ಕೇಳಿ ತಿಳಿದು, ಆ ಅಳತೆಗೆ ರದ್ದಿ ಕಾಗದವನ್ನು ಕತ್ತರಿಸಿ ಪುಸ್ತಕದ ಪುಟದ ಮೇಲೆ ಇಟ್ಟು ನೋಡಬಹುದು. ಎಂಟನೆಯ ತರಗತಿಯ ಮಕ್ಕಳಿಗೆ ಇದೇ ಒಂದು ಉತ್ತಮವಾದ ಗಣಿತದ ಅಭ್ಯಾಸವಾದೀತು. ನಿಗದಿಯಾದ ಮೊತ್ತವನ್ನು ದಾನಮಾಡುವವರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಓದಲಾಗದ ಏಳಂಗುಲದ ಯಂತ್ರಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕೊಡುವುದಕ್ಕಿಂತ, ಇಬ್ಬರು ಮಕ್ಕಳು ಜೊತೆಯಾಗಿ ಕುಳಿತು ಓದಬಹುದಾದ ದೊಡ್ಡ ಪರದೆಯವನ್ನು ಕಡಮೆ ಸಂಖ್ಯೆಯಲ್ಲಿ ಕೊಟ್ಟರೆ ಹೆಚ್ಚು ಉಪಯೋಗವಾಗುವುದು.

ಈಗಾಗಲೇ ಚಿಕ್ಕ ಯಂತ್ರವಿರುವ ಮನೆಯವರು ನಿರಾಶರಾಗಬೇಕಾಗಿಲ್ಲ. ಯಂತ್ರವನ್ನು ಅಡ್ಡಲಾಗಿ ತಿರುಗಿಸಿ, ಪುಟದ ಅಗಲವು ಪರದೆಯ ಹಿರಿಯ ಬದಿಗೆ ಸರಿಹೊಂದುವಂತೆ ಮಾಡಿಕೊಳ್ಳಬೇಕು. ಆಗ ಏಳಂಗುಲದ ಪರದೆಯಲ್ಲಿಯೂ 12 ಪಾಯಿಂಟಿನ ಅಕ್ಷರವು ಎಂಟೂವರೆ ಪಾಯಿಂಟಿನಷ್ಟು ಕಾಣುವುದು. ಪುಟದ ಎರಡು ಪಕ್ಕಗಳಲ್ಲಿ ಎರಡೆರಡು ಸೆಂಟಿಮೀಟರಿನ ಬಿಳಿಯ ಅಂಚುಗಳಿದ್ದರೆ, ಅವು ಮರೆಯಾಗುವಷ್ಟು ಹಿಗ್ಗಿಸಿದಾಗ ಅಕ್ಷರವು ಇನ್ನೂ ನಾಲ್ಕರಲ್ಲೊಂದು ಪಾಲಿನಷ್ಟು ಬೆಳೆಯುವುದು. ಒಮ್ಮೆಗೆ ಅರ್ಧ ಪುಟಕ್ಕೂ ಕಡಮೆಯೇ ಕಾಣುವುದಾದರೂ, ಸಾಲು ಪೂರ್ಣವಾಗಿ ಕಾಣುವುದರಿಂದ ಕೆಳಗೆ ಸರಿಸುತ್ತ ಹೋದರೆ ಸಾಕು. ಚಿತ್ರವೂ ಅದರ ವಿವರಣೆಯೂ ಒಟ್ಟಿಗೆ ಕಾಣದಿರುವುದೊಂದೇ ಇದರಲ್ಲಿನ ಕೊರತೆ.

ಅಚ್ಚಿನ ಪುಸ್ತಕಕ್ಕೆ ಸಮನಾದ ಪರದೆಯಿಲ್ಲವೆಂಬ ನಮ್ಮ ನಂಬಿಕೆ ಸಡಿಲಿಲ್ಲ. ಎ-4 ಅಳತೆಯ ಪುಸ್ತಕವನ್ನು ತೆರೆದರೆ ಮಗುವಿನ ಕಣ್ಣೆದುರಿಗೆ ಏಕಕಾಲದಲ್ಲಿ ಸುಮಾರು 193 ಚದರಂಗುಲದ ಎರಡು ಪುಟಗಳಿರುತ್ತವೆ. ಅದಕ್ಕೆ ವಿದ್ಯುತ್ತೂ ಬೇಕಿಲ್ಲ. ಆದರೆ ಪುಸ್ತಕವು ಬಾರದ ಕಡೆಗೆ ಪರದೆಯಾದರೂ ಕನ್ನಡವನ್ನು ತರುವುದಾದರೆ ಅದನ್ನು ಆದರದಿಂದ ಬರಮಾಡಿಕೊಳ್ಳೋಣ. ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ಮರುಳಾಗದೆ, ಗದ್ದೆಯನ್ನು ಕೊಳ್ಳುವಾಗಿನ ಎಚ್ಚರಿಕೆಯಿಂದಲೇ ಅಳೆದು ನೋಡಿ ಕೊಂಡರೆ, ಕೊಟ್ಟವರ ಔದಾರ್ಯವೂ ಓದುವ ಮಕ್ಕಳ ಶ್ರಮವೂ ಸಾರ್ಥಕವಾಗುವುವು.